ಆಟ ಆಗುವವರೆಗೆ ಗುಣವಾಗಿಯೇ ಇರಬೇಕಿದ್ದ ಮನುಷ್ಯ

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಇಂಥ ಪ್ರಕರಣ ಬಂದದ್ದು ಇದೇ ಮೊದಲಲ್ಲ. ಕಾಯಿಲೆ ಬೇರೆ ಬೇರೆ ಇರುತ್ತದೆ. ಒಬ್ಬರಿಗೆ ಕಿಡ್ನಿ, ಒಬ್ಬರಿಗೆ ಲಿವರ್, ಇವರಿಗೆ ಕರುಳು. ಡಾಕ್ಟರು ಆಸೆ ಬಿಟ್ಟವರು ಬದುಕಿ ಮನೆಗೆ ಬರುತ್ತಾರೆ. ಮನೆಯವರು ಅದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಆಮೇಲೆ ಆ ಮನುಷ್ಯ "ನನಗೆ ಹುಷಾರಿಲ್ಲ" ಎಂದು ಬಾಯಿ ಬಿಡುವ ಹಾಗೇ ಇಲ್ಲ.

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಸುಧಾಕರ ಎನ್ನೋಣ. ನಲವತ್ತು ದಾಟಿದೆ, ಸೊಸೈಟಿಯಲ್ಲಿ ಕೆಲಸ, ಮನೆ ಕುಂದಾಪುರದ ಕಡೆ. ಹೊಟ್ಟೆನೋವು, ಭೇದಿ ಶುರುವಾದಾಗ ಮೊದಲು ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದರು. ಅದರಲ್ಲಿ ವಿಶೇಷವೇನಿಲ್ಲ. ಕರುಳಿನ ಟಿಬಿಯೂ ಕ್ರೋನ್ಸ್ ಕಾಯಿಲೆಯೂ ಕ್ಯಾಮೆರಾ ಹಾಕಿ ನೋಡಿದರೂ ಒಂದೇ ಥರ ಕಾಣುವುದುಂಟು. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ, ಹಾಗಾಗಿ ಬಹಳ ಜನ ಆ ದಾರಿಯಲ್ಲೇ ಹಾದು ಬರುತ್ತಾರೆ. ಮಾತ್ರೆಗೆ ಜಗ್ಗದಾಗ ಕ್ರೋನ್ಸ್ ಎಂದು ತಿಳಿಯಿತು. 1932ರಲ್ಲಿ ನ್ಯೂಯಾರ್ಕಿನ ವೈದ್ಯರು ಬರೆದ ಲೇಖನದಿಂದ ಈ ಕಾಯಿಲೆ ಜಗತ್ತಿಗೆ ಪರಿಚಯವಾಯಿತು, ಅವರಲ್ಲೊಬ್ಬರ ಹೆಸರೇ ಇದಕ್ಕೆ ನಿಂತಿತು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕರುಳಿನ ಮೇಲೆ ತಿರುಗಿಬೀಳುವುದು ಇದರ ಕ್ರಮ.

ಆರು ವರ್ಷದ ಹಿಂದೆ ಕರುಳು ತೂತಾಗಿ ಹೊಟ್ಟೆಯೊಳಗೆಲ್ಲ ಕೀವು. ಐಸಿಯು. "ಬರುವವರಿದ್ದರೆ ಬರಲಿಕ್ಕೆ ಹೇಳಿ" ಎಂದಿದ್ದರಂತೆ. ಸುಧಾಕರ ಬದುಕಿದರು. ಸಣ್ಣ ಕರುಳಿನ ಒಂದು ಭಾಗ ತೆಗೆದು, ಮಲ ಹೊರಗೆ ಬರಲು ಐದು ತಿಂಗಳು ಹೊಟ್ಟೆಗೆ ಚೀಲ ಹಾಕಿ, ಆಮೇಲೆ ಮತ್ತೆ ಜೋಡಿಸಿದರು. ಐಸಿಯು ಬಾಗಿಲಲ್ಲಿ ಅವರ ಅಮ್ಮ ಮಂದಾರ್ತಿ ದೇವಿಯ ಮೇಳದ ಯಕ್ಷಗಾನ ಆಟ ಆಡಿಸುತ್ತೇನೆಂದು ಹರಕೆ ಹೊತ್ತಿದ್ದರು. ಆ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು, ನಮ್ಮ ಕಡೆಯವರಿಗೆ ಗೊತ್ತೇ ಉಂಟು. ಇವರ ಪಾಳಿ ಬಂದದ್ದು ಈಗ.

ನನ್ನ ಬಳಿ ಕಳಿಸಿದ್ದು ಹೆಂಡತಿ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ ಎಂದು. ಮೊದಲ ಎರಡು ಭೇಟಿ ನಿದ್ದೆಯ ಮಾತಲ್ಲೇ ಹೋಯಿತು.

ಮೂರನೇ ಸಲ ಬಸ್ಸಿಳಿದು ಬಂದವರು ನಮಸ್ಕಾರವನ್ನೂ ಹೇಳದೆ ನೇರ ಟಾಯ್ಲೆಟ್ಟಿಗೆ ಹೋದರು. ಹತ್ತು ನಿಮಿಷ. ಹೊರಗೆ ಬಂದಾಗ ಹಣೆಯಲ್ಲಿ ಬೆವರು. "ಬಸ್ಸಲ್ಲಿ ಕಷ್ಟ ಆಯ್ತಾ?" ಎಂದೆ. ನಕ್ಕರು. ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಸಂತೆಕಟ್ಟೆ, ಎಲ್ಲಿ ಯಾವ ಹೋಟೆಲಿನವರು ಚಹಾ ಕುಡಿಯದಿದ್ದರೂ ಒಳಗೆ ಬಿಡುತ್ತಾರೆ ಎಂದು ಕಂಡಕ್ಟರು ಸ್ಟಾಪು ಕೂಗುವ ಹಾಗೆ ಹೇಳಿದರು. ಹೇಳುತ್ತಲೇ ಪ್ಯಾಂಟು ಮೇಲೆಳೆದು ಬೆಲ್ಟು ಬಿಗಿ ಮಾಡಿಕೊಂಡರು. ಬೆಲ್ಟಿನಲ್ಲಿ ಎರಡು ಹೊಸ ತೂತು. ಮೊಳೆ ಹೊಡೆದು ಮಾಡಿದ್ದು, ಅಂಚು ಹರಿದಿತ್ತು.

"ಎಷ್ಟು ಇಳಿದಿದ್ದೀರಿ?"

"ಒಂಬತ್ತು ಕಿಲೋ. ಮಾರ್ನೆಮಿ ಆದ ಮೇಲೆ."

"ಮನೆಯಲ್ಲಿ ಗೊತ್ತುಂಟಾ?"

"ಒಳಗೆ ಎರಡು ಬನಿಯನ್ ಹಾಕ್ತೇನೆ ಮೇಡಂ."

ಒಂದೊಂದೇ ಹೊರಗೆ ಬಂತು. ರಕ್ತ ಹೋಗುತ್ತಿತ್ತು. ಸಂಜೆ ಜ್ವರ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ವರ್ಷವಾಗಿತ್ತು. "ಗುಣ ಆದವನಿಗೆ ಎಂಥ ಮಾತ್ರೆ" ಎಂದು ಭಾವ ಅಂದಿದ್ದರಂತೆ. ನೋವಿಗೆ ಮೆಡಿಕಲ್ಲಿನಿಂದ ಗುಳಿಗೆ ತಂದು ನುಂಗುತ್ತಿದ್ದರು. ಹಾಗೆ ಸಿಗುವ ಕೆಲವು ನೋವಿನ ಗುಳಿಗೆಗಳಿಂದ ಈ ಕಾಯಿಲೆ ಕೆರಳಬಹುದು. ಅದೂ ಅವರಿಗೆ ಗೊತ್ತಿತ್ತು.

"ಮತ್ತೆ ಯಾಕೆ?" ಎಂದೆ.

"ಆಟಕ್ಕೆ ಇನ್ನು ಎರಡು ತಿಂಗಳು ಉಂಟು. ಅಮ್ಮ ಆರು ವರ್ಷ ಕಾದಿದ್ದಾರೆ. ಅಲ್ಲಿವರೆಗೆ ನಾನು ಗುಣವಾಗಿಯೇ ಇರ್ಬೇಕು." ಸ್ವಲ್ಪ ಹೊತ್ತು ಬಿಟ್ಟು, "ತಿರುಗಿ ಬಂತು ಅಂದ್ರೆ ದೇವಿ ಕೊಟ್ಟದ್ದನ್ನು ವಾಪಸ್ ತಗೊಂಡ ಹಾಗೆ ಅಲ್ವಾ?"

ಆಪ್ತಸಲಹೆಗಾರರು 'ಹೀಗೆ ಮಾಡಿ' ಎನ್ನಬಾರದು, ಎದುರಿನವರೇ ದಾರಿ ಕಂಡುಕೊಳ್ಳಬೇಕು ಎಂದು ನಮಗೆ ಕಲಿಸುತ್ತಾರೆ. ನಾನೂ ಹತ್ತು ಜನರಿಗೆ ಕಲಿಸಿದ್ದೇನೆ. ಆ ದಿನ ಅದನ್ನು ಬದಿಗಿಟ್ಟೆ. ರಕ್ತ ಹೋಗುವವನ ಮುಂದೆ "ನಿಮಗೆ ಏನನ್ನಿಸುತ್ತದೆ?" ಎಂದು ಕೂರಲು ನನ್ನಿಂದಾಗದು. "ಇಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಆಮೇಲೆ ಮಾತು" ಎಂದೆ. ಮಾಡಿದರು. ಮರುದಿನಕ್ಕೆ ಸಮಯ ಸಿಕ್ಕಿತು.

ಹರಕೆಯನ್ನು ನಾನು ಮುಟ್ಟಲಿಲ್ಲ. ಅದು ನನ್ನ ಕೆಲಸವಲ್ಲ, ಆ ತಾಯಿ ಐಸಿಯು ಬಾಗಿಲಲ್ಲಿ ನಿಂತಿದ್ದಾಗ ನಾನು ಅಲ್ಲಿರಲೂ ಇಲ್ಲ. ಇಷ್ಟೇ ಕೇಳಿದೆ: "ಅಮ್ಮ ಹರಕೆ ಹೊತ್ತದ್ದು ಆ ದಿನ ಜೀವ ಉಳಿಯಲಿ ಅಂತ. ಜೀವ ಉಳಿದಿದೆ. ಇನ್ನು ಮುಂದೆ ಹೊಟ್ಟೆನೋವೇ ಬರಬಾರದು ಅಂತ ಯಾರಾದರೂ ಬೇಡಿಕೊಂಡಿದ್ರಾ?"

ಸುಧಾಕರ ತಲೆ ಬಗ್ಗಿಸಿ ತುಂಬ ಹೊತ್ತು ಬೆಲ್ಟಿನ ತುದಿ ತಿರುಚುತ್ತಿದ್ದರು. "ಅಮ್ಮನ ಹತ್ರ ನೀವೇ ಹೇಳಿ ಮೇಡಂ" ಎಂದರು. ನಾನು ಒಪ್ಪಲಿಲ್ಲ. ನಾನು ಹೇಳಿದರೆ ಅದು ಹೊರಗಿನವರ ಮಾತು, ಮಗ ಮತ್ತೆ ಎರಡು ಬನಿಯನ್ನಿನ ಒಳಗೇ ಉಳಿಯುತ್ತಾನೆ. ಬದಲಿಗೆ ಮನೆಯಲ್ಲಿ ಹೇಳಬೇಕಾದ ಮಾತನ್ನು ಅಲ್ಲೇ ನಾಲ್ಕು ಸಲ ಹೇಳಿಸಿದೆ. "ಅಮ್ಮ, ಕಾಯಿಲೆ ಹೋಗಿರಲಿಲ್ಲ, ಮಲಗಿತ್ತು. ಈಗ ಎದ್ದಿದೆ. ಮದ್ದು ಉಂಟು." ಮೊದಲೆರಡು ಸಲ 'ಎದ್ದಿದೆ' ಎನ್ನುವಲ್ಲಿ ಸ್ವರ ನಿಂತುಹೋಯಿತು.

ಮೂರು ದಿನ ಬಿಟ್ಟು ಭಾವನ ಫೋನು. "ಅವನ ಧೈರ್ಯ ಪೂರ್ತಿ ತೆಗೆದಿರಲ್ಲ ನೀವು!" ಈ ಆರೋಪ ನನಗೆ ಹೊಸದಲ್ಲ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಕ್ರೋನ್ಸಿಗೆ ಆಪರೇಷನ್ನು ಕೊನೆಯಲ್ಲ. ಕರುಳು ಜೋಡಿಸಿದ ಜಾಗದ ಹತ್ತಿರವೇ ಅದು ಮತ್ತೆ ಕಾಣಿಸಿಕೊಳ್ಳುವುದು ಸಾಮಾನ್ಯ. ಸಣ್ಣ ಕರುಳಿನ ಕೊನೆಯ ಭಾಗವನ್ನು ಸಾಕಷ್ಟು ತೆಗೆದಿದ್ದರೆ ಬಿ12 ವಿಟಮಿನ್ ಹೀರಿಕೊಳ್ಳುವ ಜಾಗವೇ ಇರುವುದಿಲ್ಲ, ಇಂಜೆಕ್ಷನ್ ಬೇಕಾಗುತ್ತದೆ. ಆರಾಮ ಇದ್ದಾಗಲೂ ತಪಾಸಣೆ ತಪ್ಪಿಸಬಾರದು, ಮಾತ್ರೆ ನಿಲ್ಲಿಸುವುದಿದ್ದರೆ ಅದು ಡಾಕ್ಟರ ಬಾಯಿಂದಲೇ ಬರಬೇಕು. ಇಂಥವರ ಮನೆಯಲ್ಲಿರುವವರಿಗೆ ಒಂದು ಕೋರಿಕೆ. ಬಂದ ನೆಂಟರೆದುರು ಅವರನ್ನು ನಿಲ್ಲಿಸಿ "ಡಾಕ್ಟರೇ ಕೈಬಿಟ್ಟಿದ್ರು, ಈಗ ನೋಡಿ" ಎನ್ನುವುದನ್ನು ಕಡಿಮೆ ಮಾಡಿ. ನಿಮಗದು ಸಂತೋಷದ ಮಾತು. ಅವರು ಹೊಟ್ಟೆ ಒಳಗೆಳೆದುಕೊಂಡು ನಿಂತಿರುತ್ತಾರೆ.

ಸುಧಾಕರ ಒಂದು ವಾರ ಆಸ್ಪತ್ರೆಯಲ್ಲಿದ್ದರು. ಹೊಸ ಇಂಜೆಕ್ಷನ್ ಶುರುವಾಗಿದೆ, ಖರ್ಚು ಸಣ್ಣದಲ್ಲ. ಆಟವೂ ಆಯಿತು. ವೇಷ ಕಟ್ಟುವ ಚೌಕಿಯ ಪೂಜೆಗೆ ನಿಂತು, ಪ್ರಸಂಗ ಶುರುವಾಗಿ ಸ್ವಲ್ಪ ಹೊತ್ತು ಕೂತು, ಮನೆಯೊಳಗೆ ಹೋಗಿ ಮಲಗಿದರಂತೆ. ಬೆಳಗಿನ ಜಾವ ಪ್ರಸಾದಕ್ಕೆ ಅಮ್ಮನೇ ಎಬ್ಬಿಸಿದರು.

ಮೊನ್ನೆ ಬಂದವರು ಹೊಸ ದೂರು ತಂದಿದ್ದರು. ದಿನಾ ಬೆಳಿಗ್ಗೆ ಅಂಗಳದಿಂದಲೇ ಅಮ್ಮ ಕೂಗಿ ಕೇಳುತ್ತಾರಂತೆ: "ಇವತ್ತು ಎಷ್ಟು ಸಲ ಹೋದದ್ದು ಮಗಾ?" ಪಕ್ಕದ ಮನೆಗೂ ಕೇಳುತ್ತದೆ. ಇದಕ್ಕೆ ಏನು ಮಾಡೋದು ಮೇಡಂ ಎಂದರು. ಬೆಲ್ಟು ಹಳೆಯ ತೂತಿಗೆ ಬಂದಿತ್ತು.