ಇಂಜೆಕ್ಷನ್ ಚಟ ಇರುವ ತಮ್ಮ ಎಚ್‌ಐವಿ ಲಸಿಕೆ ಪ್ರಯೋಗಕ್ಕೆ ಸೇರಬಹುದಾ?

ನಿಮ್ಮ ತಮ್ಮ ನಶೆಯ ಇಂಜೆಕ್ಷನ್ ಚಟಕ್ಕೆ ಬಿದ್ದಿದ್ದಾನೆ, ಎಚ್‌ಐವಿ ಲಸಿಕೆ ಪ್ರಯೋಗಕ್ಕೆ ಇಂಥವರನ್ನೂ ತಗೊಳ್ಳುತ್ತಾರಂತೆ, ಹೋದರೆ ರೋಗ ಅಂಟುತ್ತಾ, ಇವರನ್ನು ಸುಮ್ನೆ ಬಳಸಿಕೊಂಡು ಬಿಡುತ್ತಾರಾ ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಎಚ್‌ಐವಿ ಪರೀಕ್ಷಾ ಕೇಂದ್ರದ ಕೌನ್ಸೆಲರ್. ಇಂಥ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ.

ಲಸಿಕೆಯಿಂದ ಎಚ್‌ಐವಿ ಬರುವುದಿಲ್ಲ. ಅದರಲ್ಲಿ ಜೀವಂತ ಎಚ್‌ಐವಿ ಇರುವುದೇ ಇಲ್ಲ. ಭಯ ಪಡಬೇಕಾದ್ದು ಬೇರೆ: ‘ಲಸಿಕೆ ಆಯ್ತು, ಇನ್ನೇನೂ ಆಗಲ್ಲ’ ಅನ್ನುವ ಧೈರ್ಯಕ್ಕೆ. ಬ್ಯಾಂಕಾಕ್‌ನಲ್ಲಿ 1999ರಲ್ಲಿ ಶುರುವಾದ ಪ್ರಯೋಗಕ್ಕೆ ಸೇರಿದ 2,546 ಜನರೂ ಇಂಜೆಕ್ಷನ್ ನಶೆಯವರೇ. ಅರ್ಧ ಜನಕ್ಕೆ ಏಡ್ಸ್‌ವ್ಯಾಕ್ಸ್ ಲಸಿಕೆ, ಉಳಿದವರಿಗೆ ಔಷಧಿ ಇಲ್ಲದ ಬರೀ ಚುಚ್ಚುಮದ್ದು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ, ಹಾಕಿದವರಿಗೂ ಗೊತ್ತಿರಲಿಲ್ಲ. ಕೊನೆಗೆ ಲಸಿಕೆ ಪಡೆದವರಲ್ಲಿ 106 ಜನಕ್ಕೆ, ಪಡೆಯದವರಲ್ಲಿ 105 ಜನಕ್ಕೆ ಸೋಂಕು ತಗುಲಿತ್ತು. ಲಸಿಕೆ ಕೆಲಸ ಮಾಡಲಿಲ್ಲ.

ಆದರೂ ಇವರನ್ನು ಪ್ರಯೋಗದಿಂದ ದೂರ ಇಡಬೇಕು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಸೂಜಿಯಿಂದ ಬರುವ ವೈರಸ್ ನೇರ ರಕ್ತಕ್ಕೇ ಇಳಿಯುತ್ತದೆ, ಲೈಂಗಿಕ ಸಂಪರ್ಕದಲ್ಲಿ ಬರುವ ದಾರಿ ಬೇರೆ. ಬೇರೆಯವರ ಮೇಲಷ್ಟೇ ಪರೀಕ್ಷಿಸಿದ ಲಸಿಕೆ ಇವರನ್ನು ಕಾಪಾಡುತ್ತದೆ ಅಂತ ಯಾವ ಧೈರ್ಯದ ಮೇಲೆ ಹೇಳುವುದು? ‘ಇವರು ಹೇಳಿದ ದಿನಕ್ಕೆ ಬರಲ್ಲ, ನಂಬೋಕಾಗಲ್ಲ’ ಅನ್ನುವ ಮಾತೂ ಕೇಳುತ್ತಿರುತ್ತೇನೆ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗನ ಎರಡೂ ಕೈಯಲ್ಲಿ ನರ ಸಿಗುವುದಿಲ್ಲ, ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ. ಬೇರೆ ಕಡೆ ಇದೇ ಕಾರಣಕ್ಕೆ ಬೈದು ಕಳಿಸಿದ್ದರಂತೆ. ಇಲ್ಲಿ ಲ್ಯಾಬಿನ ಅಕ್ಕ ಬಿಸಿನೀರಿನ ಬಟ್ಟೆ ಸುತ್ತಿ, ಕೈ ಕೆಳಗೆ ಇಳಿಬಿಡಿಸಿ, ಅವನನ್ನೇ ‘ಎಲ್ಲಿ ಸಿಗಬಹುದಪ್ಪಾ?’ ಅಂತ ಕೇಳುತ್ತಾಳೆ. ಅವನೇ ಮಣಿಕಟ್ಟಿನ ಹತ್ತಿರ ತೋರಿಸುತ್ತಾನೆ. ಹೇಳಿದ ದಿನಕ್ಕೆ ತಪ್ಪದೇ ಬರುತ್ತಾನೆ.

ಆದ್ದರಿಂದ ಸೇರುವ ಮುಂಚೆ ನಾನು ಕೇಳುವ ದೊಡ್ಡ ಪ್ರಶ್ನೆ: ಪ್ರಯೋಗ ನಡೆಯುವಷ್ಟು ದಿನ ಇವನಿಗೆ ಹೊಸ ಸೂಜಿ ಕೊಡುತ್ತೀರಾ? 2005ರಿಂದ ಬ್ಯಾಂಕಾಕ್‌ನಲ್ಲೇ, ಎಚ್‌ಐವಿ ಅಂಟದಂತೆ ತಡೆಯಲು ಕೊಡುವ ಟೆನೋಫೋವಿರ್ ಮಾತ್ರೆಯ ಪ್ರಯೋಗ ನಡೆಯಿತು. ಮಾತ್ರೆ ಸೋಂಕನ್ನು ಸುಮಾರು ನೂರಕ್ಕೆ 49ರಷ್ಟು ತಗ್ಗಿಸಿತು, ನಿಜ. ಆದರೆ ಹೊಸ ಸೂಜಿ ಕೊಡದೆ, ತೊಳೆದುಕೊಳ್ಳಲು ಬ್ಲೀಚ್ ಕೊಟ್ಟರು. ನನಗೆ ಇದು ಇವತ್ತಿಗೂ ತಪ್ಪು ಅನ್ನಿಸುತ್ತದೆ. ಸೂಜಿ ಕೊಡಲು ಕಾನೂನು ಬಿಡಲ್ಲ ಅನ್ನುವ ನೆಪಕ್ಕೆ ನಮ್ಮಲ್ಲಿ ಜಾಗ ಇಲ್ಲ: 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸೋಂಕು ತಡೆಯಲು ಸೂಜಿ ಕೊಡುವುದೂ ಅಪರಾಧವಲ್ಲ, ತಗೊಳ್ಳುವುದೂ ಅಲ್ಲ.

ಇನ್ನೊಂದು ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ. ಲಸಿಕೆ ಹಾಕಿಸಿಕೊಂಡ ಕೆಲವರ ಮೈಯಲ್ಲಿ ಎಚ್‌ಐವಿ ವಿರುದ್ಧದ ಪ್ರತಿಕಾಯ ಹುಟ್ಟುತ್ತದೆ, ನಾವು ಬೆರಳು ಚುಚ್ಚಿ ಮಾಡುವ ಟೆಸ್ಟು ನೋಡುವುದೂ ಅದನ್ನೇ. ಹಾಗಾಗಿ ಸೋಂಕೇ ಇಲ್ಲದೆ ಪಾಸಿಟಿವ್ ಬರಬಹುದು. ಕೆಲಸಕ್ಕೆ, ಮದುವೆಗೆ ಅಂತ ಟೆಸ್ಟು ಕೇಳುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ವೈರಸ್ಸನ್ನೇ ಹುಡುಕುವ ಟೆಸ್ಟನ್ನು ಪ್ರಯೋಗ ಮುಗಿದ ಮೇಲೂ ಪುಕ್ಕಟೆ ಮಾಡಿಕೊಡುತ್ತೇವೆ ಅಂತ ಬರೆಸಿಕೊಳ್ಳಿ. ಪ್ರಯೋಗದಿಂದ ಏನಾದರೂ ಆದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮವಿದೆ. ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದ ಪ್ರಯೋಗಕ್ಕೆ ಸಹಿ ಹಾಕಬೇಡಿ. ನಶೆ ಇಳಿದು ಮೈ ನಡುಗುವಾಗಲಂತೂ ಅವನ ಕೈಲಿ ಸಹಿ ಹಾಕಿಸಲೇಬೇಡಿ.

ಈಗಿನ ಮಟ್ಟಿಗೆ ಅವನನ್ನು ಹತ್ತಿರದ ಐಸಿಟಿಸಿಗೆ, ಅಂದರೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಟೆಸ್ಟಿಗೆ ದುಡ್ಡು ಕೊಡಬೇಕಿಲ್ಲ. ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಯಾವ ಕೇಂದ್ರದಲ್ಲಿ ಸಿಗುತ್ತದೆ ಅಂತ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ. ಅವನು ಬ್ರೌನ್ ಶುಗರ್ ಥರದ್ದು ತಗೊಳ್ಳುತ್ತಿದ್ದರೆ ಸೂಜಿ ಬಿಡಿಸಲು ಅದು ನಿಜವಾಗಿ ನೆರವಾಗುತ್ತದೆ. ಹೆಪಟೈಟಿಸ್ ಸಿ ಅನ್ನುವ ಲಿವರ್ ಸೋಂಕಿನ ಟೆಸ್ಟೂ ಮಾಡಿಸಿ. ಸೂಜಿ ಹಂಚಿಕೊಂಡವರಲ್ಲಿ ಅದು ಜಾಸ್ತಿ, ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ, ಸರ್ಕಾರಿ ಯೋಜನೆಯಲ್ಲಿ ಪುಕ್ಕಟೆ.