ಗುತ್ತಿಗೆ ಮೇಲೆ ಕಚೇರಿಗೆ ಸೇರಿದ್ದೇನೆ, ಮಾಡಲು ಕೆಲಸವೇ ಇಲ್ಲ. ದಿನ ದೂಡುವುದು ಹೇಗೆ?

ಕೆಲಸವಿಲ್ಲ ಎಂಬುದನ್ನು ಮೊದಲು ಮೇಲಧಿಕಾರಿಗೆ ಇಮೇಲ್‌ನಲ್ಲಿ ತಿಳಿಸಿ. ಖಾಲಿ ಹೊತ್ತಿಗೆ ಕೆಲಸ ಹುಡುಕಿಕೊಳ್ಳುವುದು ಆಮೇಲಿನ ಮಾತು.

ಇಂಥ ದಿನಗಳು ಇಷ್ಟೊಂದು ದಣಿಸಲು ಕಾರಣವಿದೆ. ಗಮನ ನೆಡಲು ಏನೂ ಸಿಗದಾಗ ಮನಸ್ಸು ಗಡಿಯಾರವನ್ನೇ ಕಾಯತೊಡಗುತ್ತದೆ, ಹೊತ್ತು ಹಿಗ್ಗುತ್ತದೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 15 ನಿಮಿಷ ಒಂಟಿಯಾಗಿ ಸುಮ್ಮನೆ ಕುಳಿತ 18 ಗಂಡಸರಲ್ಲಿ 12 ಮಂದಿ ಬೇಸರ ತಾಳಲಾರದೆ ತಮಗೆ ತಾವೇ ವಿದ್ಯುತ್ ಆಘಾತ ಕೊಟ್ಟುಕೊಂಡರು! ಕಚೇರಿಯಲ್ಲಿ ಇದರ ಮೇಲೆ ನಟನೆಯ ಹೊರೆ ಬೇರೆ. ಬೆನ್ನ ಹಿಂದೆ ಹೆಜ್ಜೆ ಸದ್ದಾದೊಡನೆ ಕೈ ತಾನಾಗಿಯೇ ಹಳೆಯ ಎಕ್ಸೆಲ್ ಹಾಳೆ ತೆರೆಯುತ್ತದೆ.

ಇಮೇಲ್‌ನಲ್ಲಿ ದೂರು ಬೇಡ. ‘ವಹಿಸಿದ್ದು ಮುಗಿದಿದೆ, ಇಂತಿಂಥದ್ದನ್ನು ಕೈಗೆತ್ತಿಕೊಳ್ಳಬಲ್ಲೆ’ ಎಂಬ ಎರಡು ಸಾಲು ಸಾಕು. ಹೀಗೆ ಹೇಳಿದರೆ ಗುತ್ತಿಗೆ ಬೇಗ ಮುಗಿದೀತು ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಬಿಲ್ ಪಾವತಿಸುವಾಗ ‘ಇಷ್ಟು ದಿನ ಏನು ಮಾಡಿದಿರಿ’ ಎಂಬ ಪ್ರಶ್ನೆ ಬಂದರೆ ಆ ಎರಡು ಸಾಲೇ ನಿಮ್ಮ ರಕ್ಷಣೆ.

ಖಾಲಿ ಹೊತ್ತಿಗೆ ನನ್ನ ಆಯ್ಕೆ, ಒಬ್ಬರ ತಲೆಯಲ್ಲಷ್ಟೇ ಇರುವ ಕಾರ್ಯವಿಧಾನಗಳನ್ನು ಬರೆದಿಡುವುದು. ಕಲಿಕೆಯೂ ಸರಿ, ಅದು ಈ ಕೆಲಸಕ್ಕೆ ಸಂಬಂಧಿಸಿರಲಿ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಬೇರೆಯವರ ಕೆಲಸ ಮಾತ್ರ ಮಾಡಬೇಡಿ. ಅಲ್ಲಿ ತಯಾರಿಸಿದ್ದೆಲ್ಲ ಕಂಪನಿಗೆ ಸೇರಿದ್ದು ಎಂಬ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಎರಡು ಮೂರು ಇಮೇಲ್‌ಗಳಿಗೂ ಉತ್ತರ ಬಾರದಿದ್ದರೆ ಮುಂದಿನ ಗುತ್ತಿಗೆ ಹುಡುಕಲು ಶುರುಮಾಡಿ, ಸ್ವಂತ ಸಮಯದಲ್ಲಿ.