ಡಾಕ್ಟರು ಹೇಳುವ ‘ಶಾಕ್’ ಯಾವುದು?

ಪ್ರಶ್ನೆ: ಕರೆಂಟ್ ಹೊಡೆದರೂ ಶಾಕ್, ಕೆಟ್ಟ ಸುದ್ದಿ ಕೇಳಿದರೂ ಶಾಕ್. ಮೊನ್ನೆ ನಮ್ಮ ಮಾವನವರನ್ನು ಐಸಿಯುಗೆ ಸೇರಿಸಿದ್ದಾಗ ಡಾಕ್ಟರು ‘ಶಾಕ್‌ನಲ್ಲಿದ್ದಾರೆ’ ಎಂದರು. ಅವರಿಗೆ ಯಾರೂ ಯಾವ ಸುದ್ದಿಯನ್ನೂ ಹೇಳಿರಲಿಲ್ಲ. ಈ ಪದ ಎಲ್ಲಿಂದ ಬಂತು, ಎಲ್ಲದಕ್ಕೂ ಇದೇ ಯಾಕೆ?

ಉತ್ತರ: ಮೊದಲು ಡಾಕ್ಟರ ಮಾತು ನೋಡೋಣ, ಅದೇ ಮುಖ್ಯ. ಅವರು ಹೇಳಿದ್ದು ಮನಸ್ಸಿನ ಮಾತಲ್ಲ, ರಕ್ತದ ಓಡಾಟದ ಮಾತು. ರಕ್ತ ತುಂಬಾ ಸುರಿದುಹೋದಾಗ, ಸೋಂಕು ವಿಪರೀತಕ್ಕೆ ಹೋದಾಗ, ಹೃದಯ ಸರಿಯಾಗಿ ಪಂಪ್ ಮಾಡದಿದ್ದಾಗ, ಕೆಲವರಿಗೆ ಯಾವುದೋ ಔಷಧಿಯೋ ಜೇನುಹುಳದ ಕಡಿತವೋ ಒಗ್ಗದೆ ಹೋದಾಗಲೂ, ಮೆದುಳು, ಕಿಡ್ನಿ ಮುಂತಾದ ಅಂಗಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ. ಸಾಮಾನ್ಯವಾಗಿ ಬಿಪಿ ಕುಸಿಯುತ್ತದೆ. ಪ್ರಾಣಕ್ಕೇ ಅಪಾಯ ಇದು. ‘ಗಾಬರಿಯಾಗಿದ್ದಾರೆ, ಸರಿಹೋಗ್ತಾರೆ’ ಅಂತ ಸುಮ್ನೆ ಕೂರಬೇಡಿ. ಯಾವ ಕಾರಣಕ್ಕೆ ಹೀಗಾಯಿತು ಎಂದು ಡಾಕ್ಟರನ್ನೇ ಕೇಳಿ, ಬಿಡಿಸಿ ಹೇಳಿಸಿಕೊಳ್ಳಿ, ಅದು ನಿಮ್ಮ ಹಕ್ಕು.

ಇನ್ನು ಪದದ ಹುಟ್ಟು. ಫ್ರೆಂಚ್ ಭಾಷೆಯಲ್ಲಿ ‘ಶೊಕ್’ ಅಂದರೆ ಡಿಕ್ಕಿ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ರಣರಂಗದ ಪದ. ಎರಡು ಸೈನ್ಯ ಎದುರುಬದುರಾಗಿ ಅಪ್ಪಳಿಸಿದರೆ ಶಾಕ್. ಆಮೇಲೆ ಜೋರಾದ ಯಾವ ಹೊಡೆತಕ್ಕೂ, ಮನಸ್ಸಿಗೆ ಬಿದ್ದ ಪೆಟ್ಟಿಗೂ ಅದೇ ಹೆಸರು ಅಂಟಿತು. ನೆದರ್ಲೆಂಡ್ಸ್‌ನ ಲೈಡನ್ ಊರಿನ ವಿಜ್ಞಾನಿ ಮುಶೆನ್‌ಬ್ರೂಕ್ ವಿದ್ಯುತ್ ಕೂಡಿಟ್ಟ ಗಾಜಿನ ಜಾಡಿಯಿಂದ ಹೊಡೆತ ತಿಂದು, ಇಡೀ ಫ್ರಾನ್ಸ್ ದೇಶವನ್ನೇ ಕೊಟ್ಟರೂ ಇನ್ನೊಮ್ಮೆ ಈ ಕೆಲಸ ಮಾಡಲಾರೆ ಎಂದು 1746ರಲ್ಲಿ ಕಾಗದ ಬರೆದ. ಕರೆಂಟ್ ಹೊಡೆತಕ್ಕೆ ಶಾಕ್ ಎನ್ನುವುದು ಆ ಕಾಲದ್ದು. ವೈದ್ಯರಿಗೂ ಈ ಪದ ಹೆಚ್ಚುಕಮ್ಮಿ ಆಗಲೇ ಸಿಕ್ಕಿತು. ಗುಂಡೇಟಿನ ಗಾಯಗಳ ಬಗ್ಗೆ ಫ್ರೆಂಚ್ ಶಸ್ತ್ರವೈದ್ಯ ಲೆ ದ್ರಾ ಬರೆದ ಪುಸ್ತಕ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಶಾಕ್’ ಇತ್ತು.

ನನಗೆ ಬಹಳ ನೋವು ತರುವುದು ಮೊದಲ ಮಹಾಯುದ್ಧದ ‘ಶೆಲ್ ಶಾಕ್’. ಶೆಲ್ ಅಂದರೆ ಸಿಡಿಗುಂಡು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಹೆಸರಲ್ಲಿ ಲೇಖನ ಬರೆದರು. ಮೈಮೇಲೆ ಗಾಯವಿಲ್ಲದ ಸೈನಿಕರಿಗೆ ಕಣ್ಣು ಮಂಜಾಗುತ್ತಿತ್ತು, ನೆನಪು ಹೋಗುತ್ತಿತ್ತು. ಸಿಡಿಗುಂಡಿನ ಹತ್ತಿರವೇ ಇರದಿದ್ದವರಿಗೂ ಹೀಗೆ ಆಗುವುದು ಆಮೇಲೆ ಗೊತ್ತಾಯಿತು. ಅಷ್ಟಾದರೂ ಎಷ್ಟೋ ಜನರನ್ನು ಹೇಡಿಗಳೆಂದೇ ಜರಿದರು.

ಹಳೆಯ ಇಂಗ್ಲಿಷ್ ಕಾದಂಬರಿ ಓದುವಾಗ ಕೆದರಿದ ಕೂದಲಿಗೂ, ಒಣಗಲೆಂದು ಹೊಲದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಪೈರಿನ ಸಿವುಡುಗಳಿಗೂ ಶಾಕ್ ಎನ್ನುವುದು ಕಾಣಬಹುದು. ಸಿವುಡಿನ ಶಾಕ್ ಬೇರೆಯೇ ಪದ, ಡಿಕ್ಕಿಯ ಶಾಕ್‌ಗಿಂತ ಮೊದಲೇ ಇಂಗ್ಲಿಷಿನಲ್ಲಿತ್ತು.